ತೂಕ, ವಂಶ, ಇನ್ಸುಲಿನ್, ಮೆದುಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ರೇಶನ್ ಅಂಗಡಿಯ ಸಾಲಿನಲ್ಲಿ ಹಳೆಯ ವಿದ್ಯಾರ್ಥಿಗಳು, ಅವರ ಅಮ್ಮಂದಿರು "ಟೀಚರೇ, ಒಂದು ಕೇಳಲಾ" ಎಂದು ನಿಲ್ಲಿಸುತ್ತಾರೆ. ಕೆಲವರು ಕಾಗದ ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಕೈಗೆ ಸಿಗುವ ಹಾಳೆ ಮಲಯಾಳದಲ್ಲಿರುತ್ತದೆ. ಅದನ್ನು ಓದಿಸಿಕೊಳ್ಳಲು ಮೊಮ್ಮಕ್ಕಳು ಶಾಲೆಯಿಂದ ಬರುವವರೆಗೆ ಕಾಯುವ ಎಷ್ಟೋ ಅಜ್ಜಿಯರು ನಮ್ಮಲ್ಲಿದ್ದಾರೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ಮದ್ದಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ನೋಡುವ ಡಾಕ್ಟರದ್ದೇ.

## ಎಲ್ಲರೂ ಮೊದಲು ಕೇಳುವುದು

"ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ದಪ್ಪ. ಇದು ವಂಶದಿಂದ ಬಂದದ್ದಾ, ಊಟದಿಂದ ಬಂದದ್ದಾ?"

ಎರಡರಿಂದಲೂ. ಆದರೆ ವಂಶದ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಜನರನ್ನು, ಅವರು ದೊಡ್ಡವರಾದ ಮೇಲೆ, ಹೆತ್ತವರ ಜೊತೆಗೂ ಸಾಕಿದವರ ಜೊತೆಗೂ ಹೋಲಿಸಿ ನೋಡಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಉಂಡದ್ದು ಸಾಕಿದವರ ಅಡುಗೆಮನೆಯಲ್ಲಿ, ಮೈಕಟ್ಟು ಮಾತ್ರ ಹೆತ್ತವರದ್ದು. ತೂಕದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು 40ರಿಂದ 70 ಶೇಕಡಾ ವಂಶದಿಂದ ಬರುತ್ತದೆ ಎಂದು ಅವಳಿ ಮಕ್ಕಳ ಮತ್ತು ಕುಟುಂಬಗಳ ಅಧ್ಯಯನಗಳು ಹೇಳುತ್ತವೆ.

"ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವಾ" ಎಂದು ಕೂಡಲೇ ಕೇಳುತ್ತಾರೆ. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆಯುವ ನಮ್ಮ ಊರಿನ ಸುರಂಗ ನೆನಪು ಮಾಡಿಕೊಳ್ಳಿ. ಗುಡ್ಡದ ಒಳಗೆ ನೀರು ಎಂದಿನಿಂದಲೂ ಇದೆ, ಆದರೆ ಕೊರೆದರೆ ಮಾತ್ರ ಹೊರಗೆ ಬರುತ್ತದೆ. ವಂಶದ ಗುಣಗಳನ್ನು ಹೊತ್ತು ತರುವ ಜೀನುಗಳು ನಮ್ಮ ಅಜ್ಜನ ಮೈಯಲ್ಲೂ ಇವೇ ಇದ್ದವು. ಗುಡ್ಡ ಹತ್ತಿ ಸೊಪ್ಪು ಹೊತ್ತು ತರುತ್ತಿದ್ದ ಕಾಲದಲ್ಲಿ ಅವು ಸುಮ್ಮನಿದ್ದವು. ಬೈಕು, ಬೇಕರಿ, ಮೊಬೈಲು ಸೇರಿ ಸುರಂಗ ಕೊರೆದದ್ದು ಈಗ.

"ಇನ್ಸುಲಿನ್ ಅಂದರೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಅಲ್ಲವಾ? ಅದಕ್ಕೂ ಮೆದುಳಿಗೂ ಏನು ಸಂಬಂಧ?"

ಇನ್ಸುಲಿನ್ ನಮ್ಮ ಮೇದೋಜೀರಕ ಗ್ರಂಥಿಯಲ್ಲೇ ಹುಟ್ಟುವ ಹಾರ್ಮೋನು. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದರು, ಮರುವರ್ಷವೇ ರೋಗಿಗಳಿಗೆ ಕೊಡತೊಡಗಿದರು. ರಕ್ತದ ಸಕ್ಕರೆಯನ್ನು ಸ್ನಾಯುವಿಗೆ, ಲಿವರಿಗೆ, ಕೊಬ್ಬಿಗೆ ಸೇರಿಸುವುದು ಅದರ ಕೆಲಸ ಎಂದು ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಅಷ್ಟನ್ನೇ ಹೇಳಿ ಮುಗಿಸಿದ್ದೇನೆ. ಪಾಠಪುಸ್ತಕದಲ್ಲಿ ಇದ್ದದ್ದೂ ಅಷ್ಟೇ.

ಆದರೆ ಮೆದುಳಿನಲ್ಲೂ ಇನ್ಸುಲಿನ್ ಬಂದು ಕೂರುವ ಜಾಗಗಳಿವೆ ಎಂದು 1978ರಲ್ಲೇ ಇಲಿಗಳಲ್ಲಿ ಗೊತ್ತಾಗಿತ್ತು. ಮರುವರ್ಷ ಬಬೂನ್ ಕೋತಿಗಳ ಮೆದುಳಿನ ಸುತ್ತಲ ದ್ರವಕ್ಕೆ ಸ್ವಲ್ಪಸ್ವಲ್ಪವೇ ಇನ್ಸುಲಿನ್ ಹಾಯಿಸಿ ನೋಡಿದರು. ಅವು ತಿನ್ನುವುದು ಕಡಿಮೆಯಾಯಿತು, ತೂಕವೂ ಇಳಿಯಿತು. 2000ದಲ್ಲಿ ಮೆದುಳಿನ ನರಕೋಶಗಳಲ್ಲಿ ಮಾತ್ರ ಇನ್ಸುಲಿನ್ ಕೂರುವ ಜಾಗವನ್ನೇ ತೆಗೆದ ಇಲಿಗಳನ್ನು ಬೆಳೆಸಿದಾಗ ಅವುಗಳ ಮೈಯಲ್ಲಿ ಕೊಬ್ಬು ತುಂಬಿಕೊಂಡಿತು.

ಮದುವೆಯ ಪಂಕ್ತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊಟ್ಟೆ ತುಂಬಿದವರು ಬಾಳೆಲೆಯ ಮೇಲೆ ಅಡ್ಡ ಕೈ ಹಿಡಿಯುತ್ತಾರೆ, ಬಡಿಸುವವರು ಮುಂದೆ ಹೋಗುತ್ತಾರೆ. ಊಟವಾದ ಮೇಲೆ ಏರುವ ಇನ್ಸುಲಿನ್ ಆ ಅಡ್ಡ ಹಿಡಿದ ಕೈ. ಮೆದುಳಿನ ತಳದ ಹೈಪೋಥಲಮಸ್ ಬಡಿಸುವವ. ಕೈ ಕಂಡರೆ ಸೌಟು ನಿಲ್ಲುತ್ತದೆ, ಕಾಣದಿದ್ದರೆ ಮತ್ತೆ ಬೀಳುತ್ತದೆ.

"ಅಣ್ಣ ಎಷ್ಟು ತಿಂದರೂ ಕಡ್ಡಿ. ನಾನು ಗಂಜಿ ಕುಡಿದರೂ ಏರುತ್ತೇನೆ. ಜನ ನಂಬುವುದಿಲ್ಲ."

ನಾನು ನಂಬುತ್ತೇನೆ. ನಾನೂ ಚಿಕ್ಕಂದಿನಿಂದ ದಪ್ಪ, ನನ್ನ ತಂಗಿ ಸಪೂರ. ಇಬ್ಬರೂ ಒಂದೇ ಅಮ್ಮನ ಕೈಯಡುಗೆ ಉಂಡವರು.

ಕೆನಡಾದ ಕ್ಯುಬೆಕ್‌ನಲ್ಲಿ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ, ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದ ಪ್ರಯೋಗ 1990ರಲ್ಲಿ ಬಂತು. ಎಲ್ಲರೂ ತಿಂದ ಹೆಚ್ಚಳ ಒಂದೇ. ಆದರೆ ಒಬ್ಬ 4.3 ಕಿಲೋ ಏರಿದರೆ ಇನ್ನೊಬ್ಬ 13.3 ಕಿಲೋ ಏರಿದ. ಒಂದೇ ಜೋಡಿಯ ಅಣ್ಣತಮ್ಮಂದಿರು ಮಾತ್ರ ಹೆಚ್ಚುಕಡಿಮೆ ಒಂದೇ ಥರ ಏರಿದ್ದರು, ಕೊಬ್ಬು ಸೇರಿದ ಜಾಗವೂ ಹೆಚ್ಚುಕಡಿಮೆ ಒಂದೇ. ತಿಂದದ್ದರ ಲೆಕ್ಕವನ್ನು ಮೈ ಹೇಗೆ ಬರೆದಿಡುತ್ತದೆ ಎಂಬುದು ರಕ್ತದಲ್ಲೇ ಬಂದಿರುತ್ತದೆ.

"ನಾನು ದಪ್ಪವೋ ಅಲ್ಲವೋ ಅಂತ ಮನೆಯಲ್ಲೇ ನೋಡುವುದು ಹೇಗೆ?"

ಬಟ್ಟೆ ಹೊಲಿಯುವವರ ಟೇಪು ಸಾಕು. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ, ಪಕ್ಕೆಲುಬಿನ ಕೊನೆಗೂ ಸೊಂಟದ ಎಲುಬಿಗೂ ನಡುವೆ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಬೇಕು. ಬಿಎಂಐ, ಅಂದರೆ ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಲೆಕ್ಕದಲ್ಲಿ ನಮಗೆ 23ಕ್ಕೇ ಹೆಚ್ಚು ತೂಕ, 25ಕ್ಕೆ ಬೊಜ್ಜು. 155 ಸೆಂಟಿಮೀಟರ್ ಎತ್ತರದ ಹೆಂಗಸು 60 ಕಿಲೋ ಇದ್ದರೆ ಆಗಲೇ 25ರ ಹತ್ತಿರ.

"ಸಪೂರ ಇದ್ದವರಿಗೂ ಸಕ್ಕರೆ ಕಾಯಿಲೆ ಬರುತ್ತದಲ್ಲ, ಅದು ಹೇಗೆ?"

ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರು ಲಂಡನ್ನಿನ ತಮ್ಮ ಗೆಳೆಯ ಯಡ್ಕಿನ್ ಜೊತೆ ನಿಂತು ತೆಗೆಸಿದ ಫೋಟೋ 2004ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರ ಮೈಯಲ್ಲಿ 21.2. ನಮ್ಮ ಪೈಕಿ ಬಹಳ ಜನ ಹೀಗೆ. ಕೈಕಾಲು ಸಪೂರ, ಒಳಗೆ ಹೊಟ್ಟೆಯ ಸುತ್ತ ಕೊಬ್ಬು. ಕೇರಳದಲ್ಲಿ ದೊಡ್ಡವರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ವರದಿ ಹೇಳಿತು. ಅದಕ್ಕೇ ತಕ್ಕಡಿಗಿಂತ ಟೇಪನ್ನು ನಂಬಿ ಎನ್ನುತ್ತೇನೆ.

"ಮಗಳ ಕತ್ತಿನ ಹಿಂದೆ ಕಪ್ಪಾಗಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ."

ಉಜ್ಜಬೇಡಿ. ಅದು ಕೊಳೆ ಅಲ್ಲ. ಎಂಟನೇ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬಳ ಕತ್ತು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಜಡೆಯ ನಡುವೆ ಮಖಮಲ್ಲಿನ ಹಾಗೆ ದಪ್ಪನೆಯ ಕಪ್ಪು ಪಟ್ಟಿ, ಅದರ ಅಂಚಿನಲ್ಲಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಎದ್ದ ಕೆಂಪು ಗೀರುಗಳು. ಅಮ್ಮ ದಿನಾ ತಿಕ್ಕುತ್ತಿದ್ದರಂತೆ. ಮೈ ಇನ್ಸುಲಿನ್ ಮಾತಿಗೆ ಓಗೊಡದೆ ಹೋದಾಗ ಮೇದೋಜೀರಕ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಸಿ ಕತ್ತು, ಕಂಕುಳಲ್ಲಿ ಹೀಗೆ ಕಪ್ಪು ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಏರುವ ಮೊದಲೇ ಕಾಣಿಸುವ ಗುರುತು ಇದು. ಮುಟ್ಟು ತಪ್ಪುವುದೂ ಇದರ ಜೊತೆಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಆ ದಿನ ನಾನು ಅವಳಿಗೆ ಇದನ್ನು ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ.

## ಸ್ವಲ್ಪ ಒಳಗೆ ಹೋದರೆ

"ಬೊಜ್ಜಿನ ಜೀನು ಅಂತ ಒಂದಿದೆಯಂತೆ, ಹೌದಾ?"

ಒಂದಲ್ಲ, ನೂರಾರು. ಒಂದೊಂದೂ ಚಿಟಿಕೆಯಷ್ಟು ಕೆಲಸ ಮಾಡುತ್ತದೆ. 2007ರಲ್ಲಿ ಹೆಸರಾದದ್ದು ಎಫ್‌ಟಿಒ. ತಂದೆ ತಾಯಿ ಇಬ್ಬರಿಂದಲೂ ಅದರ ತೂಕ ಏರಿಸುವ ರೂಪ ಬಂದವರು, ಅದು ಒಂದೂ ಇಲ್ಲದವರಿಗಿಂತ ಸರಾಸರಿ 3 ಕಿಲೋ ಹೆಚ್ಚಿದ್ದರು. ಮೂರು ಕಿಲೋ, ಅಷ್ಟೇ. "ನನ್ನದು ಜೀನು" ಎಂದು ಕೈಚೆಲ್ಲಲು ಅದು ಸಾಲದು.

ಅಪರೂಪಕ್ಕೆ ಒಂದೇ ಜೀನು ಎಲ್ಲವನ್ನೂ ಬುಡಮೇಲು ಮಾಡುವುದುಂಟು. ಕೊಬ್ಬಿನ ಕೋಶಗಳಿಂದ ಹೊರಟು "ದಾಸ್ತಾನು ಸಾಕಷ್ಟಿದೆ" ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಗುರುತಿಸಿತು. ಮೂರು ವರ್ಷದ ಮೇಲೆ ಕೇಂಬ್ರಿಜ್‌ನಲ್ಲಿ ವಿಪರೀತ ದಪ್ಪಗಿದ್ದ ಇಬ್ಬರು ಮಕ್ಕಳ ಮೈಯಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಎಂದು ಗೊತ್ತಾಯಿತು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂತೆ ಹತ್ತಿರದ ಸಂಬಂಧಿಗಳು ಅವರು. ಎಷ್ಟು ತಿಂದರೂ ಹಸಿವು ಆರುತ್ತಿರಲಿಲ್ಲ. ಲೆಪ್ಟಿನ್ ಇಂಜೆಕ್ಷನ್ ಕೊಟ್ಟ ಮೇಲೆ ಆ ಹಸಿವು ತಣಿಯಿತು, ತೂಕ ಇಳಿಯಿತು. ನಿನ್ನೆಯವರೆಗೆ "ಹೊಟ್ಟೆಬಾಕ" ಅನ್ನಿಸಿಕೊಂಡ ಮಗು ಅದು. ಕೊರತೆ ಇದ್ದದ್ದು ಒಂದು ಹಾರ್ಮೋನಿನದು.

ಒಂದೇ ಜೀನಿನಿಂದ ಬರುವ ಬೊಜ್ಜಿನಲ್ಲಿ ಹೆಚ್ಚು ಕಾಣುವುದು ಎಂಸಿ4ಆರ್ ಎಂಬ ಜೀನಿನ ದೋಷ. ಅದರ ಕೆಲಸವೂ ಮೆದುಳಿನಲ್ಲೇ.

"ಹಾಗಾದರೆ ಈ ಜೀನುಗಳೆಲ್ಲ ಹೊಟ್ಟೆಯಲ್ಲಿ ಅಲ್ಲ, ತಲೆಯಲ್ಲಿ ಕೆಲಸ ಮಾಡುವುದಾ?"

ಬಹುಪಾಲು ಹೌದು. 2015ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ಜೀನು ಜಾಲಾಡಿ ತೂಕಕ್ಕೆ ಸಂಬಂಧಪಟ್ಟ 97 ಜಾಗಗಳನ್ನು ಗುರುತಿಸಿದರು. ಅವುಗಳ ಸುಳಿವು ಹೆಚ್ಚಾಗಿ ಹೋಗಿ ನಿಂತದ್ದು ಮೆದುಳಿಗೆ. ಇದೇ ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು. ದಪ್ಪ ಇರುವವರಿಗೆ ಆಸೆ ಜಾಸ್ತಿ, ಸಂಯಮ ಕಡಿಮೆ ಎನ್ನುತ್ತೇವೆ. ಆದರೆ "ಸಾಕು" ಎಂಬುದು ಅವರ ತಲೆಗೆ ಮುಟ್ಟುವುದೇ ತಡವಾಗಿ, ಮೆಲ್ಲಗೆ.

ಇನ್ಸುಲಿನ್‌ಗೂ ಜೀನಿಗೂ ಗಂಟು ಬೀಳುವುದು ಇಲ್ಲೇ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಮೆದುಳಿನ ಸೂಕ್ಷ್ಮ ಕಾಂತೀಯ ಅಲೆಗಳನ್ನು ಅಳೆಯುತ್ತಾ ರಕ್ತಕ್ಕೆ ಇನ್ಸುಲಿನ್ ಕೊಟ್ಟು ನೋಡಿದರು. ಸಪೂರ ಇರುವವರ ಮೆದುಳು ಎಚ್ಚೆತ್ತು ಉತ್ತರ ಕೊಟ್ಟಿತು, ದಪ್ಪ ಇರುವವರದು ಮಂಕಾಗಿತ್ತು. 2007ರಲ್ಲಿ ಅದೇ ತಂಡ ಎಫ್‌ಟಿಒ ಜೀನಿನ ರೂಪಕ್ಕೂ ಈ ಮಂಕಿಗೂ ನಂಟಿದೆ ಎಂದು ತೋರಿಸಿತು. ಪಂಕ್ತಿಯ ಮಾತಿನಲ್ಲಿ ಹೇಳುವುದಾದರೆ, ಕೆಲವರ ಬಡಿಸುವವನಿಗೆ ಹುಟ್ಟಿನಿಂದಲೇ ದೃಷ್ಟಿ ಸ್ವಲ್ಪ ಮಂದ.

"ಮೆದುಳು ಇನ್ಸುಲಿನ್ ಮಾತು ಕೇಳದಿದ್ದರೆ ಹಸಿವು ಮಾತ್ರವಾ ಹೆಚ್ಚುವುದು?"

ಅಷ್ಟೇ ಅಲ್ಲ. ಕೊಬ್ಬು ಎಲ್ಲಿ ಕೂರಬೇಕು ಎಂಬುದೂ ಅದರ ಜೊತೆ ಸೇರಿಕೊಂಡಿದೆ. ಅದೇ ಟ್ಯೂಬಿಂಗನ್ ತಂಡ ಊಟ ಮತ್ತು ವ್ಯಾಯಾಮ ಸರಿಪಡಿಸಿಕೊಂಡವರನ್ನು ಒಂಬತ್ತು ವರ್ಷದವರೆಗೆ ಗಮನಿಸಿ 2020ರಲ್ಲಿ ವರದಿ ಮಾಡಿತು. ಮೆದುಳು ಇನ್ಸುಲಿನ್‌ಗೆ ಚೆನ್ನಾಗಿ ಓಗೊಡುತ್ತಿದ್ದವರು ಹೆಚ್ಚು ಇಳಿದರು, ಹೊಟ್ಟೆಯೊಳಗಿನ ಕೊಬ್ಬು ಕರಗಿತು, ಮತ್ತೆ ಏರಿದ್ದೂ ಕಡಿಮೆ. ಓಗೊಡದವರು ಮೊದಲ ಕೆಲವು ತಿಂಗಳು ಸ್ವಲ್ಪ ಇಳಿದು ಆಮೇಲೆ ಏರಿದರು, ಅದೂ ಹೊಟ್ಟೆಯೊಳಗೇ. ಇಬ್ಬರು ಗೆಳತಿಯರು ಒಟ್ಟಿಗೆ ನಡೆಯಲು ಶುರುಮಾಡಿ ಒಬ್ಬಳು ಇಳಿದು ಇನ್ನೊಬ್ಬಳು ಹಾಗೆಯೇ ಉಳಿದರೆ, ಎರಡನೆಯವಳು ಕದ್ದು ತಿನ್ನುತ್ತಾಳೆ ಎಂದು ತೀರ್ಮಾನಿಸಬೇಡಿ.

"ಗಲ್ಫಿನಿಂದ ಮಗ ಬಂದರೆ ಮನೆ ತುಂಬ ಚಾಕ್ಲೇಟು, ಚಿಪ್ಸು. ಒಂದು ವಾರದಲ್ಲಿ ಏನಾದೀತು ಬಿಡಿ ಟೀಚರೇ."

ನಾನೂ ಹಾಗೇ ಅಂದುಕೊಂಡಿದ್ದೆ. 2025ರಲ್ಲಿ ಬಂದ ಒಂದು ಅಧ್ಯಯನ ನನ್ನ ಎಣಿಕೆಯನ್ನು ಬದಲಿಸಿತು. ಆರೋಗ್ಯವಂತ ಯುವಕರಿಗೆ ಐದೇ ದಿನ ಮಾಮೂಲಿ ಊಟದ ಮೇಲೆ ಕುರುಕಲು, ಸಿಹಿ ತಿನ್ನಿಸಿದರು, ದಿನಕ್ಕೆ 1500 ಕ್ಯಾಲೊರಿ ಹೆಚ್ಚಿಗೆ ಎಂಬ ಗುರಿಯಿಟ್ಟು. ತೂಕ ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೆ ಲಿವರಿನಲ್ಲಿ ಕೊಬ್ಬು ಹೆಚ್ಚಿತು. ಮೆದುಳು ಇನ್ಸುಲಿನ್‌ಗೆ ಓಗೊಡುವ ರೀತಿ ಕೆಟ್ಟಿತು, ಮಾಮೂಲಿ ಊಟಕ್ಕೆ ಮರಳಿ ಒಂದು ವಾರ ಕಳೆದರೂ ಪೂರ್ತಿ ಸರಿಯಾಗಿರಲಿಲ್ಲ. ತಕ್ಕಡಿ ಸುಮ್ಮನಿದ್ದಾಗಲೇ ತಲೆಯೊಳಗೆ ಬದಲಾವಣೆ ಆಗಿಹೋಗಿತ್ತು.

ಮಗ ಬಂದ ಖುಷಿಯಲ್ಲಿ ಒಂದೆರಡು ತಿನ್ನಿ. ಉಳಿದದ್ದನ್ನು ನೆರೆಕರೆಗೆ ಹಂಚಿ, ಕಪಾಟಿನಲ್ಲಿ ಇಡಬೇಡಿ.

"ಕುಚ್ಚಲಕ್ಕಿ ಬಿಟ್ಟು ಚಪಾತಿಗೆ ಹೋಗಬೇಕಾ?"

ಬೇಕಿಲ್ಲ. ಕುಚ್ಚಲಕ್ಕಿ ಸಾಮಾನ್ಯವಾಗಿ ಬೆಳ್ತಿಗೆಯಷ್ಟು ಬೇಗ ಸಕ್ಕರೆ ಏರಿಸುವುದಿಲ್ಲ. ತೊಂದರೆ ಬರುವುದು ಬಟ್ಟಲು ತುಂಬ ಅನ್ನ, ಬದಿಯಲ್ಲಿ ಒಂದು ಚಮಚ ಪಲ್ಯ ಇದ್ದಾಗ. ಹುರುಳಿ, ಹೆಸರು, ಬಸಳೆ, ಬಂಗುಡೆ, ಬೂತಾಯಿ, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದನ್ನು ಹೆಚ್ಚು ಮಾಡಿ, ಅನ್ನದ ಸೌಟು ಒಂದು ಕಡಿಮೆ ಮಾಡಿ.

## ಆಳದ ಪ್ರಶ್ನೆಗಳು

"ಇನ್ಸುಲಿನ್ ಬೊಜ್ಜು ಮಾಡುತ್ತದೆ ಅಂತ ವೀಡಿಯೋದಲ್ಲಿ ಹೇಳುತ್ತಾರೆ. ಇಂಜೆಕ್ಷನ್ ನಿಲ್ಲಿಸಲಾ?"

ದಯವಿಟ್ಟು ನಿಲ್ಲಿಸಬೇಡಿ. ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ ಬರುವ ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಇನ್ಸುಲಿನ್ ಮೈಯಲ್ಲಿ ಕೊಬ್ಬನ್ನು ಕೂಡಿಡುತ್ತದೆ ಎಂಬುದೂ ನಿಜ, ಮೆದುಳಿನಲ್ಲಿ ಹಸಿವನ್ನು ತಗ್ಗಿಸುತ್ತದೆ ಎಂಬುದೂ ನಿಜ. ಆ ವೀಡಿಯೋಗಳು ಅರ್ಧ ಹೇಳಿ ಬಿಡುತ್ತವೆ. ಇಂಜೆಕ್ಷನ್ ಶುರುಮಾಡಿದ ಮೇಲೆ ತೂಕ ಏರಿದರೆ ಡಾಕ್ಟರ ಹತ್ತಿರ ಹೇಳಿ, ಪ್ರಮಾಣ, ಹೊತ್ತು, ಜೊತೆಯ ಮದ್ದು ಬದಲಿಸಲು ದಾರಿಗಳಿವೆ.

"ಬಸುರಿಯಲ್ಲಿ ನನಗೆ ಸಕ್ಕರೆ ಇತ್ತು. ಮಗುವಿಗೂ ಅಂಟುತ್ತದಾ?"

ಜೀನಿನ ದಾರಿಯಲ್ಲದೆ ಗರ್ಭದ ದಾರಿಯಲ್ಲೂ ಪ್ರಭಾವ ಹೋಗುತ್ತದೆ. ಅಮೆರಿಕದ ಪೀಮಾ ಎಂಬ ಮೂಲನಿವಾಸಿ ಜನರಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿ ನೋಡಿದರು. ತಾಯಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಹುಟ್ಟಿದವರು, ಬರುವ ಮೊದಲು ಹುಟ್ಟಿದ ಅಣ್ಣ ಅಕ್ಕಂದಿರಿಗಿಂತ ದಪ್ಪ ಇದ್ದರು. ಇನ್ನೊಂದು ಕಡೆ ಪುಣೆಯ ಶಿಶುಗಳು ಸರಾಸರಿ 2.7 ಕಿಲೋ ಮಾತ್ರ ಇದ್ದರೂ ಚರ್ಮದಡಿಯ ಕೊಬ್ಬು ಆ ತೂಕಕ್ಕೆ ಮೀರಿ ಇತ್ತು. ತಾಯಿ ಅರೆಹೊಟ್ಟೆ ಉಂಡರೂ ಕಷ್ಟ, ಸಕ್ಕರೆ ಏರಿದರೂ ಕಷ್ಟ.

ಆದದ್ದಕ್ಕೆ ನೊಂದುಕೊಳ್ಳಬೇಡಿ. ಮುಂದಿನ ಬಸುರಿಗೆ ಮೊದಲೇ ಸಕ್ಕರೆ ನೋಡಿಸಿ, ಹೆರಿಗೆಯಾದ ಮೇಲೂ ನಿಮ್ಮದನ್ನು ನೋಡಿಸುತ್ತಿರಿ. ಬಸುರಿಯ ಸಕ್ಕರೆ ಹೋಯಿತು ಎಂದು ಮರೆತವರಿಗೆ ಕೆಲವು ವರ್ಷದಲ್ಲಿ ಅದು ಕಾಯಂ ಆಗಿ ಬರುವುದನ್ನು ತುಂಬ ನೋಡಿದ್ದೇನೆ.

"ಜೀನು ಟೆಸ್ಟು ಮಾಡಿಸಲಾ? ಮಂಗಳೂರಲ್ಲಿ ಆಗುತ್ತದಂತೆ."

ದೊಡ್ಡವರಿಗೆ ದುಡ್ಡು ದಂಡ. ಉತ್ತರ ಏನೇ ಬಂದರೂ ಮಾಡಬೇಕಾದ ಕೆಲಸ ಅದೇ. ಮಗು ಐದು ವರ್ಷದ ಒಳಗೇ ವಿಪರೀತ ದಪ್ಪವಾಗಿ, ಹಸಿವು ಹಿಡಿಯಲಾಗದಷ್ಟು ಇದ್ದರೆ, ಅದರಲ್ಲೂ ತಂದೆತಾಯಿ ರಕ್ತಸಂಬಂಧದಲ್ಲಿ ಮದುವೆಯಾದವರಾಗಿದ್ದರೆ, ಮಕ್ಕಳ ತಜ್ಞರ ಹತ್ತಿರ ಈ ಟೆಸ್ಟಿನ ಬಗ್ಗೆ ಕೇಳಲೇಬೇಕು.

"ಮಂದವಾದ ಮೆದುಳು ಮತ್ತೆ ಚುರುಕಾಗುತ್ತದಾ?"

ಆಗುತ್ತದೆ. ಈ ಇಡೀ ಬರಹದಲ್ಲಿ ನನಗೆ ಧೈರ್ಯ ಕೊಟ್ಟ ಸಂಗತಿ ಇದು. ಕೂತೇ ಇರುತ್ತಿದ್ದ, ದಪ್ಪ ಇದ್ದ ಗಂಡಸರು ಹೆಂಗಸರು ಎಂಟು ವಾರ ಬೆವರು ಬರುವ ವ್ಯಾಯಾಮ ಮಾಡಿದ ಮೇಲೆ ಅವರ ಮೆದುಳು ಇನ್ಸುಲಿನ್‌ಗೆ ಓಗೊಡುವುದು ಸುಧಾರಿಸಿತು ಎಂದು 2022ರಲ್ಲಿ ವರದಿಯಾಯಿತು. ತೂಕದ ಮುಳ್ಳು ಕದಲದೆ ಬೇಸರಗೊಂಡು ನಡಿಗೆ ಬಿಟ್ಟವರು ಬಹಳ. ಮುಳ್ಳು ನೋಡಬೇಡಿ. ಎರಡು ತಿಂಗಳು ನಡೆಯಿರಿ, ಮಾತಾಡಲು ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿ. ನಮ್ಮ ರಸ್ತೆಗಳ ಏರುತಗ್ಗು ಇದಕ್ಕೆ ಹೇಳಿ ಮಾಡಿಸಿದ್ದು.

"ಕಷ್ಟಪಟ್ಟು ಇಳಿಸಿದ್ದು ಮತ್ತೆ ಏರಿತು. ನನ್ನ ತಪ್ಪಾ?"

ಅಲ್ಲ. ತೂಕ ಇಳಿದರೆ ಲೆಪ್ಟಿನ್ ಕುಸಿಯುತ್ತದೆ, ಮೆದುಳು ಅದನ್ನು ಬರಗಾಲ ಎಂದು ಓದಿಕೊಂಡು ಹಸಿವು ಏರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದವರನ್ನು ಒಂದು ವರ್ಷದ ಮೇಲೆ ನೋಡಿದಾಗಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಇದು 2011ರ ಮಾತು. ನಾನು ಒಮ್ಮೆ ಒಂಬತ್ತು ಕಿಲೋ ಇಳಿಸಿ ಏಳು ಏರಿದ ಮೇಲೆ ಡಾಕ್ಟರೊಬ್ಬರು ತಲೆಯೆತ್ತದೆ "ಬಾಯಿ ಕಟ್ಟಿ" ಎಂದರು. ಕಟ್ಟಿಯೇ ಇದ್ದೆ. ಹಾಗೆ ಅನ್ನಿಸಿಕೊಂಡವರು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

"ಹೊಸ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ?"

ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಕರುಳಿನ ಜಿಎಲ್‌ಪಿ-1 ಹಾರ್ಮೋನನ್ನು ಹೋಲುವ ಇವು ಹೊಟ್ಟೆಯ ಜೊತೆ ಮೆದುಳಿಗೂ "ಸಾಕು" ಎಂದು ಹೇಳುತ್ತವೆ. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸರಾಸರಿ 15 ಶೇಕಡಾ, ಟಿರ್ಜೆಪಟೈಡ್‌ನ ಹೆಚ್ಚಿನ ಪ್ರಮಾಣದಲ್ಲಿ 20 ಶೇಕಡಾ ತೂಕ ಇಳಿದಿದೆ. ನಿಲ್ಲಿಸಿದರೆ ಬಹುಪಾಲು ಮರಳುತ್ತದೆ. ವಾಕರಿಕೆ, ವಾಂತಿ ಸಾಮಾನ್ಯ. ಪರಿಚಯದವರಿಂದ ತರಿಸಿಕೊಂಡು ಚುಚ್ಚಿಕೊಳ್ಳುವ ಮದ್ದು ಇದಲ್ಲ.

"ಮೂಗಿಗೆ ಇನ್ಸುಲಿನ್ ಸ್ಪ್ರೇ ಹಾಕಿದರೆ ಮೆದುಳಿಗೆ ನೇರ ಹೋಗುತ್ತದಂತೆ?"

ಹೋಗುತ್ತದೆ, ಸಂಶೋಧಕರು ಬಳಸುವುದೂ ಅದನ್ನೇ. ಎಂಟು ವಾರ ಕೊಟ್ಟು ನೋಡಿದಾಗ ಗಂಡಸರ ಕೊಬ್ಬು ಸ್ವಲ್ಪ ಇಳಿಯಿತು, ಹೆಂಗಸರದು ಇಳಿಯಲಿಲ್ಲ. ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ.

"ಮದುವೆ ಊಟದಲ್ಲಿ ಎಲ್ಲರೂ ಮಗಳಿಗೆ ಹೇಳುವವರೇ. ನಾನು ಏನು ಮಾಡಲಿ?"

ಹೋದ ಮಾಘದಲ್ಲಿ ಒಂದು ಮದುವೆಯಲ್ಲಿ ನನ್ನ ಎದುರು ಸಾಲಿನಲ್ಲಿ ಹದಿನಾಲ್ಕರ ಹುಡುಗಿ ಕೂತಿದ್ದಳು. ಹೋಳಿಗೆ ಬಡಿಸುವವರು ಅವಳ ಎಡಬಲದ ಎಲೆಗೆ ಎರಡೆರಡು ಹಾಕಿ, ಅವಳ ಎಲೆಯ ಮುಂದೆ ನಿಂತು "ನಿನಗೆ ಬೇಡ ಅಲ್ಲವಾ ಮಗಾ" ಎಂದು ಮುಂದೆ ಹೋದರು. ನಾಲ್ಕಾರು ಜನ ನಕ್ಕರು. ಹುಡುಗಿ ಎಲೆಯ ತುದಿಯನ್ನು ಮಡಚುತ್ತಾ, ಬಿಡಿಸುತ್ತಾ ಕೂತಳು. ಪಾಯಸ ಬಂದಾಗಲೂ ತಲೆ ಎತ್ತಲಿಲ್ಲ.

ಹೀಗೆ ನೊಂದ ಮಕ್ಕಳು ಕಡಿಮೆ ತಿನ್ನುವುದಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ತಿನ್ನುತ್ತಾರೆ. ನೀವು ಮಗಳ ಪಕ್ಕದಲ್ಲೇ ಕೂತುಕೊಳ್ಳಿ. ಯಾರಾದರೂ ಹಾಗೆ ಅಂದರೆ "ಬಡಿಸಿ ಭಾವಾ, ಸಾಕಾದರೆ ಅವಳೇ ಹೇಳುತ್ತಾಳೆ" ಎನ್ನಿ, ಪಂಕ್ತಿಗೆ ಕೇಳುವ ಹಾಗೆ. ಮನೆಗೆ ಬಂದ ಮೇಲೆ ಆ ಮಾತನ್ನು ಮತ್ತೆ ಎತ್ತಬೇಡಿ. ಸಂಜೆ ನಡೆಯಲು ಹೊರಡುವಾಗ ಅವಳನ್ನು ಕಳಿಸಬೇಡಿ, ಜೊತೆಗೆ ನೀವೂ ಹೋಗಿ.